ಕೆರೆ ಊರಿನದು, ತೂಬು ಯಾರದು?

ದೂರವಾಣಿಯ ಉಪಕರಣವು ಅದನ್ನು ಬಳಸುವವನ ಸ್ವತ್ತಲ್ಲ, ತಂತಿಯನ್ನೆಳೆದ ಕಂಪನಿಯ ಸ್ವತ್ತು ಎಂಬ ನಿಯಮ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ದಶಕಗಳ ಕಾಲ ನಿರಾತಂಕವಾಗಿ ನಡೆದುಬಂದಿತು. ಎಟಿ ಅಂಡ್ ಟಿ ಎಂಬ ಮಹಾಸಂಸ್ಥೆಯ ತಂತಿಗೆ ಅನ್ಯರು ತಯಾರಿಸಿದ ಯಾವ ಸಾಧನವನ್ನೂ ಜೋಡಿಸಕೂಡದೆಂಬ ಕಟ್ಟಳೆ ಎಷ್ಟು ಬಿಗಿಯಾಗಿತ್ತೆಂದರೆ, ಆಡುವ ಮಾತು ಪಕ್ಕದವರ ಕಿವಿಗೆ ಬೀಳದಿರಲೆಂದು ಬಾಯಿಯ ಬಳಿ ಸಿಕ್ಕಿಸಿಕೊಳ್ಳುತ್ತಿದ್ದ ಹಷ್-ಎ-ಫೋನ್ ಎಂಬ ಬಟ್ಟಲಿನಂಥ ನಿರಪಾಯ ವಸ್ತುವನ್ನು ಕೂಡ ಆ ಸಂಸ್ಥೆ ವಿರೋಧಿಸಿ ವ್ಯಾಜ್ಯ ನಡೆಸಿತು. 1956ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಆ ಬಟ್ಟಲಿನ ಪಕ್ಷದಲ್ಲಿ ತೀರ್ಪಿತ್ತ ಮೇಲೆಯೇ ಅದರ ಬಳಕೆಗೆ ನ್ಯಾಯದ ರಕ್ಷಣೆ ದೊರೆಯಿತು. ಹನ್ನೆರಡು ವರ್ಷಗಳ ತರುವಾಯ, 1968ರಲ್ಲಿ, ಟೆಕ್ಸಸ್ ಸಂಸ್ಥಾನದ ಥಾಮಸ್ ಕಾರ್ಟರ್ ಎಂಬಾತನು ದೂರದ ತೈಲಕ್ಷೇತ್ರಗಳಲ್ಲಿ ರೇಡಿಯೋ ಹಿಡಿದು ದುಡಿಯುವವರನ್ನು ಊರಿನ ದೂರವಾಣಿಗೆ ಸೇರಿಸಲು ನಿರ್ಮಿಸಿದ್ದ ಕಾರ್ಟರ್‌ಫೋನ್ ಎಂಬ ಸಾಧನದ ವಿಷಯದಲ್ಲಿ ಅಲ್ಲಿಯ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಇನ್ನೂ ವಿಸ್ತಾರವಾದ ತತ್ತ್ವವೊಂದನ್ನು ಸಾರಿತು: ಜಾಲಕ್ಕೆ ಹಾನಿ ಮಾಡದ ಯಾವ ಉಪಕರಣವನ್ನಾದರೂ ಬಳಕೆದಾರನು ತನ್ನ ತಂತಿಗೆ ಜೋಡಿಸಿಕೊಳ್ಳಬಹುದು. ಫ್ಯಾಕ್ಸ್ ಯಂತ್ರವೂ ಮೋಡೆಮೂ ಮನೆಮನೆಗೆ ಬಂದದ್ದು ಈ ತೀರ್ಮಾನವು ತೆರೆದ ದಾರಿಯಲ್ಲಿ. ಹೊರಗಿನವರ ಕೈ ತಗುಲಿದರೆ ಜಾಲ ಕೆಡುತ್ತದೆ, ಕೆಟ್ಟರೆ ಜನಕ್ಕೇ ನಷ್ಟ ಎಂಬುದು ಕಂಪನಿಯು ಮೊದಲಿನಿಂದ ಕೊನೆಯವರೆಗೂ ಹೂಡಿದ ವಾದವಾಗಿತ್ತು. ಈ ವಾದವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡಿರಬೇಕೆಂದು ಬೇಡುತ್ತೇನೆ. ನಾಲ್ಕು ದಶಕಗಳ ಮೇಲೆ ಇದೇ ವಾದ ಬೇರೆ ಬಾಯಿಗಳಿಂದ ಹೊರಡುವುದನ್ನು ನಾವು ಕೇಳಲಿದ್ದೇವೆ.

ಕಾರ್ಟರ್‌ಫೋನಿನ ತೀರ್ಮಾನವಾದ ಮರುವರ್ಷವೇ, ಅಂದರೆ 1969ರಲ್ಲಿ, ಅದೇ ಎಟಿ ಅಂಡ್ ಟಿ ಸಂಸ್ಥೆಯ ಸಂಶೋಧನಾಲಯವಾದ ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮನ್ನು ರಚಿಸಲಾರಂಭಿಸಿದರು. ಸರಕಾರದೊಡನೆ 1956ರಲ್ಲಿ ಮಾಡಿಕೊಂಡ ರಾಜಿಯ ಪ್ರಕಾರ ಸಂಸ್ಥೆಯು ದೂರವಾಣಿಯ ಹೊರತು ಬೇರೆ ವ್ಯಾಪಾರಕ್ಕೆ ಕೈಹಾಕುವಂತಿರಲಿಲ್ಲವಾದ್ದರಿಂದ, ಈ ತಂತ್ರಾಂಶವನ್ನು ಸರಕಾಗಿ ಮಾರುವ ಬದಲು ವಿಶ್ವವಿದ್ಯಾಲಯಗಳಿಗೆ ಅಲ್ಪ ಶುಲ್ಕಕ್ಕೆ, ಮೂಲಸಂಕೇತದ ಸಮೇತ, ಹಂಚಬೇಕಾಯಿತು. ಮೂಲಸಂಕೇತವೆಂದರೆ ತಂತ್ರಜ್ಞನು ಓದಿ ತಿಳಿಯಬಲ್ಲ, ತಿಳಿದು ತಿದ್ದಬಲ್ಲ ಬರಹ. ಯಂತ್ರಕ್ಕೆ ಉಣಿಸುವ ಸೊನ್ನೆ ಒಂದುಗಳ ರಾಶಿಯು ಈ ಬರಹದಿಂದ ಹುಟ್ಟಿದ್ದೇ ಆದರೂ, ಆ ರಾಶಿಯಿಂದ ಬರಹವನ್ನು ಮರಳಿ ಪಡೆಯುವುದು ದುಸ್ಸಾಧ್ಯ. ಹೀಗೆ ಕ್ಯಾಲಿಫೋರ್ನಿಯದ ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೆ ತಲಪಿದ ಯೂನಿಕ್ಸ್ ಅಲ್ಲಿಯ ಅಧ್ಯಾಪಕರ ಹಾಗೂ ವಿದ್ಯಾರ್ಥಿಗಳ ಕೈಯಲ್ಲಿ ಬಿಎಸ್‌ಡಿ ಎಂಬ ಶಾಖೆಯಾಗಿ ಬೆಳೆಯಿತು. 1984ರಲ್ಲಿ ಎಟಿ ಅಂಡ್ ಟಿ ಒಡೆದು ಹೋಳಾಗಿ, ಹಳೆಯ ನಿರ್ಬಂಧ ಸಡಿಲವಾಗಿ, ಯೂನಿಕ್ಸಿಗೆ ಬೆಲೆಯೂ ಗುಟ್ಟೂ ಅಂಟಿಕೊಳ್ಳತೊಡಗಿದ ಹೊತ್ತಿಗೆ, ಮಸಾಚುಸೆಟ್ಸಿನ ರಿಚರ್ಡ್ ಸ್ಟಾಲ್ಮನ್ ಯಾರೂ ಮುಚ್ಚಿಡಲಾಗದ ತಂತ್ರಾಂಶವನ್ನು ಬುಡದಿಂದಲೇ ಕಟ್ಟುವೆನೆಂದು ಗ್ನೂ ಯೋಜನೆಯನ್ನು ಘೋಷಿಸಿಯಾಗಿತ್ತು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತನ್ನ ಲಿನಕ್ಸ್ ಕರ್ನೆಲನ್ನು, ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳನ್ನು, ಲೋಕಕ್ಕೆ ಒಪ್ಪಿಸಿ, ಮರುವರ್ಷ ಅದನ್ನು ಸ್ಟಾಲ್ಮನ್ನರ ಜಿಪಿಎಲ್ ಎಂಬ ಪರವಾನಗಿಯ ಅಡಿಗೆ ತಂದನು.

ಬರ್ಕ್‌ಲಿಯ ಪರವಾನಗಿಗೂ ಸ್ಟಾಲ್ಮನ್ನರ ಪರವಾನಗಿಗೂ ಇದ್ದ ಅಂತರವನ್ನು ಇಲ್ಲಿಯೇ ಹೇಳಿಬಿಡಬೇಕು. ಏಕೆಂದರೆ ನನ್ನ ಅಭಿಪ್ರಾಯದಲ್ಲಿ ಮುಂದಿನ ಕಥೆಯ ಕವಲು ಒಡೆದದ್ದು ಇಲ್ಲಿಯೇ ಹೊರತು, ಆಪಲ್ ಮತ್ತು ಗೂಗಲ್ ಎಂಬ ಎರಡು ಕಂಪನಿಗಳ ಪೈಪೋಟಿಯಲ್ಲಲ್ಲ. ಕೊಂಡೊಯ್ಯಿರಿ, ತಿದ್ದಿರಿ, ಬೇಕಾದರೆ ಮುಚ್ಚಿಟ್ಟುಕೊಳ್ಳಿರಿ, ಕರ್ತೃವಿನ ಹೆಸರನ್ನು ಮಾತ್ರ ಅಳಿಸಬೇಡಿರಿ ಎಂಬುದು ಬರ್ಕ್‌ಲಿಯ ಔದಾರ್ಯ. ಕೊಂಡೊಯ್ಯಿರಿ, ತಿದ್ದಿರಿ, ಆದರೆ ಮತ್ತೊಬ್ಬರಿಗೆ ಕೊಡುವಾಗ ನೀವು ತಿದ್ದಿದ ಬರಹವನ್ನೂ ನಿಮಗಿದ್ದ ಹಕ್ಕುಗಳನ್ನೂ ಜತೆಯಲ್ಲಿ ಕೊಡಿರಿ ಎಂಬುದು ಸ್ಟಾಲ್ಮನ್ನರ ವ್ರತ. ಮೊದಲನೆಯದು ಕೊಟ್ಟವನ ಉದಾರತೆ ಕೊಟ್ಟಲ್ಲಿಗೇ ಮುಗಿಯಬಹುದೆಂದು ಒಪ್ಪುತ್ತದೆ. ಎರಡನೆಯದು ಆ ಉದಾರತೆ ಕೈಯಿಂದ ಕೈಗೆ ಸಾಗುತ್ತಲೇ ಇರಬೇಕೆಂದು ವಿಧಿಸುತ್ತದೆ.

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಮ್ಯಾಕ್ ಎಂಬ ಕರ್ನೆಲನ್ನೂ ಬರ್ಕ್‌ಲಿಯ ಬಿಎಸ್‌ಡಿಯನ್ನೂ ಹೊಸೆದು ಸ್ಟೀವ್ ಜಾಬ್ಸರ ನೆಕ್ಸ್ಟ್ ಕಂಪನಿ ತನ್ನ ಗಣಕಕ್ಕೆ ವ್ಯವಸ್ಥೆಯೊಂದನ್ನು ರಚಿಸಿಕೊಂಡಿತು. 1996ರ ಡಿಸೆಂಬರಿನಲ್ಲಿ ಆಪಲ್ ಆ ಕಂಪನಿಯನ್ನು ಕೊಳ್ಳುವುದಾಗಿ ಸಾರಿತು. ಅದರ ವ್ಯವಸ್ಥೆಯೇ 2001ರಲ್ಲಿ ಮ್ಯಾಕ್ ಓಎಸ್ ಟೆನ್ ಆಗಿ, ಆರು ವರ್ಷಗಳ ಬಳಿಕ ಐಫೋನಿನ ಒಡಲಾಗಿ ಪರಿಣಮಿಸಿತು. ಲಿನಕ್ಸ್ ಆದರೋ ಆಂಡ್ರಾಯ್ಡಿನ ಬುನಾದಿಯಾಯಿತು. ಆದುದರಿಂದ ಮುಚ್ಚಿದ ವ್ಯವಸ್ಥೆಯೆಂದು ಇಂದು ನಾವು ಕರೆಯುವುದೂ ತೆರೆದ ವ್ಯವಸ್ಥೆಯೆಂದು ಕರೆಯುವುದೂ ಹುಟ್ಟಿನಿಂದ ಭಿನ್ನವಾದ ಎರಡು ಕುಲಗಳೆಂಬ ನಂಬಿಕೆ ಚರಿತ್ರೆಯ ಮುಂದೆ ನಿಲ್ಲಲಾರದು. ಒಂದು ಯೂನಿಕ್ಸಿನ ವಂಶದಲ್ಲೇ ಹುಟ್ಟಿತು, ಇನ್ನೊಂದು ಅದರ ಮಾದರಿಯನ್ನೇ ಅನುಸರಿಸಿ ಬೆಳೆಯಿತು. ದೂರವಾಣಿಯ ಏಕಸ್ವಾಮ್ಯಕ್ಕೆ ಹೆಸರಾದ ಸಂಸ್ಥೆಯ ಅಂಗಳವೇ ಎರಡಕ್ಕೂ ಮೂಲಸ್ಥಾನ. ಐಫೋನಿನ ಕರ್ನೆಲಿನ ಮೂಲಸಂಕೇತವನ್ನು ಆಪಲ್ ಇಂದಿಗೂ ಪ್ರಕಟಿಸುತ್ತಿದೆಯೆಂಬ ಸಂಗತಿ ಅನೇಕರಿಗೆ ಅಚ್ಚರಿ ತಂದೀತು. ಪ್ರಕಟಿಸಿದರೂ ಅದನ್ನು ತಿದ್ದಿ ತನ್ನ ಐಫೋನಿನಲ್ಲಿ ಓಡಿಸುವ ಭಾಗ್ಯ ಯಾರಿಗೂ ಇಲ್ಲ. ಯಂತ್ರವು ಎಚ್ಚರಗೊಳ್ಳುವ ಮೊದಲ ಕ್ಷಣದಿಂದಲೇ ಅದರ ಚಿಪ್ಪು ಆಪಲಿನ ಗೂಢಲಿಪಿಯ ಸಹಿಯನ್ನು ಹುಡುಕುತ್ತದೆ, ಸಹಿಯಿಲ್ಲದ್ದನ್ನು ನಿರಾಕರಿಸುತ್ತದೆ. ಬರಹ ತೆರೆದಿರುವುದು ಒಂದು, ಬಾಗಿಲು ತೆರೆದಿರುವುದು ಇನ್ನೊಂದು. ಈ ಎರಡನ್ನು ಬೇರ್ಪಡಿಸಿ ನೋಡದ ಹೊರತು ಕಳೆದ ಕಾಲು ಶತಮಾನದ ಕಥೆ ಅರ್ಥವಾಗುವುದಿಲ್ಲ.

ಐಫೋನಿಗೆ ಮುಂಚಿನ ಕಾಲವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಕೈಫೋನಿನಲ್ಲಿ ಏನಿರಬೇಕು ಏನಿರಬಾರದು ಎಂಬುದನ್ನು ಆಗ ಬಹುಮಟ್ಟಿಗೆ ನಿರ್ಧರಿಸುತ್ತಿದ್ದವು ಸಂಪರ್ಕಸೇವೆಯ ಕಂಪನಿಗಳು. ನಮ್ಮ ದೇಶದಲ್ಲಿಯೂ 2003ರ ಸುಮಾರಿಗೆ ಹರಡಿದ ಸಿಡಿಎಂಎ ಫೋನುಗಳು ಕೊಟ್ಟ ಕಂಪನಿಯ ಜಾಲಕ್ಕೇ ಕಟ್ಟುಬಿದ್ದಿದ್ದುದು ಅನೇಕರಿಗೆ ನೆನಪಿರಬಹುದು. 1998ರಲ್ಲಿ ಸೈಯಾನ್, ನೋಕಿಯಾ, ಎರಿಕ್ಸನ್, ಮೊಟೊರೋಲಾ ಕಂಪನಿಗಳು ಒಟ್ಟುಗೂಡಿ ಲಂಡನ್ನಿನಲ್ಲಿ ಸ್ಥಾಪಿಸಿದ ಸಿಂಬಿಯನ್ ಆ ಯುಗದ ಚಕ್ರವರ್ತಿ. ಅದರಲ್ಲಿ ಹೊರಗಿನವರು ಬರೆದ ಕಾರ್ಯಕ್ರಮಗಳನ್ನು ಹಾಕಿಕೊಳ್ಳಲು ಅವಕಾಶವಿತ್ತಾದರೂ ಮೂಲಸಂಕೇತ ಪಾಲುದಾರರಿಗೆ ಮೀಸಲಾಗಿತ್ತು, ಮತ್ತು 2006ರಿಂದೀಚೆಗೆ ಫೋನಿನ ಒಳಶಕ್ತಿಗಳನ್ನು ಮುಟ್ಟುವ ಕಾರ್ಯಕ್ರಮಗಳು ಅಧಿಕೃತ ಸಹಿ ಪಡೆಯಬೇಕೆಂಬ ಕಟ್ಟುಪಾಡೂ ಬಿಗಿಯಾಯಿತು. ಇದೇ ಸಿಂಬಿಯನ್ನಿನ ಮೂಲಸಂಕೇತವನ್ನು ನೋಕಿಯಾ 2010ರ ಫೆಬ್ರುವರಿಯಲ್ಲಿ ಸಮಸ್ತರಿಗೂ ತೆರೆದಿಟ್ಟಿತು. ಮರುವರ್ಷದ ಫೆಬ್ರುವರಿಯಲ್ಲಿ ತಾನೇ ಅದನ್ನು ಕೈಬಿಟ್ಟು ಮೈಕ್ರೋಸಾಫ್ಟಿನ ವಿಂಡೋಸ್ ಫೋನನ್ನು ವರಿಸಿತು. ಅವಸಾನಕಾಲದಲ್ಲಿ ಮಾಡಿದ ದಾನಕ್ಕೆ ದಾತನೂ ಉಳಿಯಲಿಲ್ಲ, ಪ್ರತಿಗ್ರಾಹಿಯೂ ದೊರೆಯಲಿಲ್ಲ.

2007ರ ಜನವರಿ 9ರಂದು ಸ್ಟೀವ್ ಜಾಬ್ಸ್ ಪ್ರಕಟಿಸಿದ ಐಫೋನ್ ಜೂನ್ 29ರಂದು ಅಂಗಡಿಗೆ ಬಂದಾಗ ಅದರಲ್ಲಿ ಹೊರಗಿನವರ ಆ್ಯಪ್ ಒಂದೂ ಇರಲಿಲ್ಲ, ಇರಲು ಎಡೆಯೂ ಇರಲಿಲ್ಲ. ಜಾಲತಾಣಗಳ ರೂಪದಲ್ಲಿ ಬರೆದುಕೊಂಡರೆ ಸಾಕೆಂಬುದು ತಂತ್ರಜ್ಞರಿಗೆ ಸಿಕ್ಕ ಉತ್ತರ. ಉತ್ತರದಿಂದ ತೃಪ್ತರಾಗದವರು ಕೆಲವೇ ವಾರಗಳಲ್ಲಿ ಬೀಗ ಮುರಿಯುವ ಉಪಾಯಗಳನ್ನು ಕಂಡುಹಿಡಿದು, ಜೈಲ್‌ಬ್ರೇಕ್ ಎಂಬ ಹೆಸರಿನಿಂದ ಅವನ್ನು ಊರೂರಿಗೆ ಹಬ್ಬಿಸಿದರು. ಆ ವರ್ಷದ ಅಕ್ಟೋಬರಿನಲ್ಲಿ ಜಾಬ್ಸ್ ತಮ್ಮ ನಿಲುವನ್ನು ಬದಲಿಸಿದರು. 2008ರ ಜುಲೈ 10ರಂದು ಸುಮಾರು 500 ಆ್ಯಪ್‌ಗಳೊಡನೆ ಆ್ಯಪ್ ಸ್ಟೋರ್ ತೆರೆಯಿತು. ಅಲ್ಲಿ ಮಾರಾಟವಾದ ಪ್ರತಿ ವಸ್ತುವಿನ ಬೆಲೆಯಲ್ಲಿ ನೂರಕ್ಕೆ 30 ಪಾಲು ಕಂಪನಿಗೆ ಸಲ್ಲಬೇಕಿತ್ತು, ಯಾವ ವಸ್ತು ಮಾರಾಟಕ್ಕೆ ಅರ್ಹವೆಂಬುದನ್ನೂ ಕಂಪನಿಯೇ ತೀರ್ಮಾನಿಸಬೇಕಿತ್ತು. ತೀರ್ಮಾನಿಸುವ ಸೂತ್ರಗಳನ್ನಾದರೋ ಅದು 2010ರ ಸೆಪ್ಟೆಂಬರಿನವರೆಗೆ ಪ್ರಕಟಿಸಲೇ ಇಲ್ಲ. ಅಲ್ಲಿಯವರೆಗೆ ಎರಡು ವರ್ಷ ಕಾಲ ತಂತ್ರಜ್ಞರು ಕಾಣದ ಶಾಸನಕ್ಕೆ ವಿಧೇಯರಾಗಿ ದುಡಿಯಬೇಕಾಯಿತು.

ಇಲ್ಲಿ ಹಳೆಯ ಚರಿತ್ರೆ ಮತ್ತೆ ತಲೆಯೆತ್ತಿದ ಒಂದು ಪ್ರಸಂಗವುಂಟು. 2009ರಲ್ಲಿ ಗೂಗಲ್ ವಾಯ್ಸ್ ಎಂಬ ದೂರವಾಣಿಯ ಆ್ಯಪ್ ಐಫೋನಿನ ಅಂಗಡಿಯೊಳಗೆ ಪ್ರವೇಶ ಪಡೆಯದೆ ಹೋದಾಗ, ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಮೂವರಿಗೆ ಪತ್ರ ಬರೆದು ಕಾರಣ ಕೇಳಿತು: ಆಪಲಿಗೆ, ಗೂಗಲಿಗೆ, ಮತ್ತು ಅಮೆರಿಕದಲ್ಲಿ ಐಫೋನನ್ನು ಮಾರುವ ಏಕೈಕ ಹಕ್ಕು ಪಡೆದಿದ್ದ ಎಟಿ ಅಂಡ್ ಟಿಗೆ. ಆ ಹೆಸರಿನ ಕಂಪನಿ ಹಳೆಯದರ ಹೋಳುಗಳಲ್ಲೊಂದು ಬೆಳೆದು ತವರಿನ ಹೆಸರನ್ನು ಧರಿಸಿದ್ದು ನಿಜವಾದರೂ, ಕಾರ್ಟರ್‌ಫೋನಿನ ನ್ಯಾಯಪೀಠವೂ ಅದೇ, ಪ್ರತಿವಾದಿಯ ಹೆಸರೂ ಅದೇ, ಮೂಲಭೂತವಾದ ಪ್ರಶ್ನೆಯೂ ಅದೇ. ಕಾರ್ಟರ್‌ಫೋನಿನ ತತ್ತ್ವವನ್ನು ನಿಸ್ತಂತು ಜಾಲಗಳಿಗೂ ಅನ್ವಯಿಸಬೇಕೆಂದು ಸ್ಕೈಪ್ ಕಂಪನಿ 2007ರಲ್ಲಿಯೇ ಆ ಕಮಿಷನ್ನಿಗೆ ಅರ್ಜಿ ಸಲ್ಲಿಸಿತ್ತು. ಅಷ್ಟರಲ್ಲಿ ಸ್ವಾಮ್ಯವು ಜಾಲದ ಒಡೆಯನ ಕೈಯಿಂದ ಜಾರಿ ಉಪಕರಣದ ಒಡೆಯನ ಕೈಗೆ ಬಂದುಬಿಟ್ಟಿದ್ದಿತು. 1968ರ ತೀರ್ಮಾನ ತಂತಿಯ ಕೊನೆಯಲ್ಲಿದ್ದ ಬೀಗವನ್ನು ತೆಗೆಸಿತೇ ಹೊರತು, ಉಪಕರಣದ ಒಳಗೆ ಮುಂದೊಂದು ದಿನ ಕೂರಲಿದ್ದ ಬೀಗವನ್ನು ಅದು ಊಹಿಸಿರಲಿಲ್ಲ.

ಇನ್ನು ಆಂಡ್ರಾಯ್ಡ್. 2003ರಲ್ಲಿ ಕ್ಯಾಲಿಫೋರ್ನಿಯದ ಪಾಲೋ ಆಲ್ಟೋದಲ್ಲಿ ಆಂಡಿ ರೂಬಿನ್, ರಿಚ್ ಮೈನರ್, ನಿಕ್ ಸಿಯರ್ಸ್, ಕ್ರಿಸ್ ವೈಟ್ ಎಂಬ ನಾಲ್ವರು ಸ್ಥಾಪಿಸಿದ ಸಣ್ಣ ಕಂಪನಿಯನ್ನು 2005ರಲ್ಲಿ ಗೂಗಲ್ ಕೊಂಡಿತು. 2007ರ ನವೆಂಬರ್ 5ರಂದು 34 ಸಂಸ್ಥೆಗಳ ಓಪನ್ ಹ್ಯಾಂಡ್‌ಸೆಟ್ ಅಲಯನ್ಸ್ ಎಂಬ ಕೂಟ ಘೋಷಿತವಾಯಿತು. 2008ರ ಅಕ್ಟೋಬರಿನಲ್ಲಿ ಮೊದಲ ಫೋನು ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಹೊತ್ತಿನಲ್ಲಿಯೇ ಅದರ ಮೂಲಸಂಕೇತವೂ ಸರ್ವರಿಗೂ ಲಭ್ಯವಾಯಿತು. ತಳದಲ್ಲಿರುವ ಲಿನಕ್ಸ್ ಕರ್ನೆಲಿಗೆ ಸ್ಟಾಲ್ಮನ್ನರ ಪರವಾನಗಿ ಅನಿವಾರ್ಯವಾಗಿತ್ತು. ಅದರ ಮೇಲಿನ ಪದರಗಳಿಗೆಲ್ಲ ಗೂಗಲ್ ಅಪಾಚೆ ಪರವಾನಗಿಯನ್ನು, ಅರ್ಥಾತ್ ಬರ್ಕ್‌ಲಿಯ ಔದಾರ್ಯದ ಮಾರ್ಗವನ್ನು, ಬುದ್ಧಿಪೂರ್ವಕವಾಗಿ ಆರಿಸಿಕೊಂಡಿತು. ಫೋನು ತಯಾರಕರು ತಾವು ಸೇರಿಸಿದ್ದನ್ನು ಪ್ರತಿಸ್ಪರ್ಧಿಗಳಿಗೆ ತೋರಿಸಲು ಅಂಜದೆ ಬಳಿಗೆ ಬರಲೆಂಬುದು ಆ ಆಯ್ಕೆಯ ಆಶಯ. ಅವರು ಬಂದರು, ತಂಡತಂಡವಾಗಿ ಬಂದರು. ಐಫೋನನ್ನು ಕೊಳ್ಳಲಾಗದ ಕೋಟ್ಯಂತರ ಜನರ ಕೈಗೆ, ಭಾರತದ ಹಳ್ಳಿಹಳ್ಳಿಗೆ, ಸ್ಮಾರ್ಟ್‌ಫೋನ್ ತಲಪಿದ್ದು ಆ ಆಯ್ಕೆಯ ಫಲವಾಗಿಯೇ. ಇದನ್ನು ಕೃತಜ್ಞತೆಯಿಂದ ನೆನೆಯದೆ ಮುಂದಿನ ದೋಷಗಳನ್ನು ಎಣಿಸಹೊರಡುವುದು ನ್ಯಾಯವಾಗದು.

2010ರ ಅಕ್ಟೋಬರಿನಲ್ಲಿ ಈ ಎರಡು ಪಂಥಗಳ ನಡುವೆ ಬಹಿರಂಗವಾದ ವಾಗ್ವಾದವೊಂದು ನಡೆಯಿತು. ಹೂಡಿಕೆದಾರರೊಡನೆ ಮಾತನಾಡುತ್ತ ಜಾಬ್ಸ್, ಇಲ್ಲಿರುವ ಭೇದ ತೆರೆದುದಕ್ಕೂ ಮುಚ್ಚಿದುದಕ್ಕೂ ಅಲ್ಲ, ಚೂರುಚೂರಾದುದಕ್ಕೂ ಏಕೀಭೂತವಾದುದಕ್ಕೂ ಇರುವ ಭೇದ ಎಂದು ಪ್ರತಿಪಾದಿಸಿದರು. ಒಬ್ಬೊಬ್ಬ ತಯಾರಕನೂ ಒಂದೊಂದು ಬಗೆಯಾಗಿ ತಿದ್ದಿದ ಆಂಡ್ರಾಯ್ಡುಗಳಲ್ಲಿ ಬಳಕೆದಾರನು ದಿಕ್ಕುಗೆಡುತ್ತಾನೆಂಬುದು ಅವರ ಆಕ್ಷೇಪ. ಅದಕ್ಕೆ ರೂಬಿನ್ ಕೊಟ್ಟ ಉತ್ತರದಲ್ಲಿ ವಾದವಾಗಲಿ ವಿಶೇಷಣವಾಗಲಿ ಇರಲಿಲ್ಲ. ಆಂಡ್ರಾಯ್ಡಿನ ಮೂಲಸಂಕೇತವನ್ನು ಇಳಿಸಿಕೊಂಡು ಮನೆಯಲ್ಲಿಯೇ ಕಟ್ಟಿಕೊಳ್ಳಲು ಗಣಕಕ್ಕೆ ಕೊಡಬೇಕಾದ ನಾಲ್ಕಾರು ಆಜ್ಞೆಗಳನ್ನಷ್ಟೇ ಬರೆದು, ತೆರೆದುದೆಂಬುದರ ಲಕ್ಷಣ ಇದು ಎಂದರು. ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. ಆದರೆ ರೂಬಿನ್ನರ ಲಕ್ಷಣ ಅವರ ಕಂಪನಿಯನ್ನೇ ಬೇಗನೆ ಪರೀಕ್ಷೆಗೆ ಒಡ್ಡಿತು: 2011ರಲ್ಲಿ ಟ್ಯಾಬ್ಲೆಟ್ಟುಗಳಿಗಾಗಿ ಹೊರಟ ಹನಿಕೋಂಬ್ ಎಂಬ ಆವೃತ್ತಿಯ ಮೂಲಸಂಕೇತವನ್ನು ಗೂಗಲ್ ತಡೆಹಿಡಿಯಿತು, ಮತ್ತು ಆ ವರ್ಷದ ನವೆಂಬರಿನಲ್ಲಿ ಮುಂದಿನ ಆವೃತ್ತಿ ಬರುವವರೆಗೆ ಆ ಆಜ್ಞೆಗಳಿಗೆ ಹೊಸ ಫಲ ದೊರೆಯಲಿಲ್ಲ.

ಜಾಬ್ಸರ ಆಕ್ಷೇಪಕ್ಕೂ ತೂಕವಿದ್ದಿತೆಂಬುದಕ್ಕೆ 2015ರ ಸ್ಟೇಜ್‌ಫ್ರೈಟ್ ಸಾಕ್ಷಿ. ಬಂದ ಸಂದೇಶವೊಂದರ ವಿಡಿಯೋ ಮೂಲಕವೇ ಫೋನನ್ನು ವಶಪಡಿಸಿಕೊಳ್ಳಲು ಸಾಧ್ಯವಾಗಿಸುತ್ತಿದ್ದ ಆ ಲೋಪಕ್ಕೆ ಗೂಗಲ್ ಪರಿಹಾರ ಬರೆದರೂ, ಅದು ಚಿಪ್ಪು ತಯಾರಕನನ್ನು ದಾಟಿ, ಫೋನು ತಯಾರಕನನ್ನು ದಾಟಿ, ಸಂಪರ್ಕಸೇವೆಯವನನ್ನು ದಾಟಿ ಜನರ ಕೈಸೇರಬೇಕಾಗಿತ್ತು. ಎಷ್ಟೋ ಫೋನುಗಳಿಗೆ ಸೇರಲೇ ಇಲ್ಲ. ಆಪಲ್ ಆದರೆ ತನ್ನ ಹಳೆಯ ಹೊಸ ಫೋನುಗಳಿಗೆಲ್ಲ ಒಂದೇ ದಿನ ತಿದ್ದುಪಡಿ ತಲಪಿಸಬಲ್ಲದು. ಆ ವರ್ಷದಿಂದ ಗೂಗಲ್ ತಿಂಗಳಿಗೊಮ್ಮೆ ರಕ್ಷಣೆಯ ತಿದ್ದುಪಡಿಗಳನ್ನು ಪ್ರಕಟಿಸತೊಡಗಿತು, 2017ರಲ್ಲಿ ಯಂತ್ರಾಂಶಕ್ಕೆ ಅಂಟಿದ ಭಾಗವನ್ನು ಉಳಿದುದರಿಂದ ಬೇರ್ಪಡಿಸುವ ಟ್ರೆಬಲ್ ಎಂಬ ಯೋಜನೆಯನ್ನೂ ಜಾರಿಗೆ ತಂದಿತು. ಆದರೆ ಆ ಯಂತ್ರಾಂಶಕ್ಕೆ ಅಂಟಿದ ಭಾಗ, ಅಂದರೆ ಚಿಪ್ಪು ತಯಾರಕರ ಚಾಲಕ ತಂತ್ರಾಂಶ, ಬಹುಪಾಲು ಮುಚ್ಚಿಯೇ ಇದೆ. 2013ರಲ್ಲಿ ಆಂಡ್ರಾಯ್ಡಿನ ಮುಕ್ತ ಮೂಲವನ್ನು ಪ್ರಕಟಿಸುವ ಹೊಣೆ ಹೊತ್ತಿದ್ದ ಅಧಿಕಾರಿಯೇ, ಗೂಗಲಿನ ಸ್ವಂತ ಟ್ಯಾಬ್ಲೆಟ್ಟಿಗೆ ಬೇಕಾದ ಇಂಥ ಭಾಗಗಳನ್ನು ಹಂಚಲಾಗದ ಸ್ಥಿತಿಯಿಂದ ಬೇಸತ್ತು ಆ ಹೊಣೆಯನ್ನು ತ್ಯಜಿಸಿದನು.

ತೆರೆದ ಮೂಲದ ಮೇಲೆ ಮುಚ್ಚಿದ ಅಧಿಕಾರ ಕುಳಿತ ಬಗೆಯನ್ನು ಅರಿಯಲು 2009ರಷ್ಟು ಹಿಂದಕ್ಕೇ ಹೋಗಬೇಕು. ಸ್ಟೀವ್ ಕಾಂಡಿಕ್ ಎಂಬ ತಂತ್ರಜ್ಞನು ಆಂಡ್ರಾಯ್ಡನ್ನು ತಿದ್ದಿ ಸಯನೊಜೆನ್‌ಮಾಡ್ ಎಂಬ ಹೆಸರಿನಲ್ಲಿ ಹಂಚುತ್ತಿದ್ದಾಗ ಆತನಿಗೆ ಗೂಗಲಿನ ವಕೀಲರ ಪತ್ರ ಬಂದಿತು. ಅಂಗಡಿ, ಅಂಚೆ, ನಕ್ಷೆ ಮುಂತಾದ ಗೂಗಲಿನ ಆ್ಯಪ್‌ಗಳು ಮುಕ್ತ ತಂತ್ರಾಂಶವಲ್ಲವೆಂದೂ ಅವನ್ನು ಜತೆಗೂಡಿಸಿ ಹಂಚಕೂಡದೆಂದೂ ಅದರ ಸಾರಾಂಶ. ಕಾಲಕ್ರಮದಲ್ಲಿ ಮುಕ್ತ ಭಾಗದ ಆ್ಯಪ್‌ಗಳು ಬೆಳವಣಿಗೆ ಕಾಣದೆ ಒಣಗಿದವು. ಹೊಸ ಸಾಮರ್ಥ್ಯಗಳು ಪ್ಲೇ ಸರ್ವಿಸಸ್ ಎಂಬ ಮುಚ್ಚಿದ ಪದರದಲ್ಲಿ ಸೇರುತ್ತ ಹೋದವು. ಆ ಅಂಗಡಿ ಬೇಕಾದ ತಯಾರಕನು ಗೂಗಲಿನ ಶೋಧವನ್ನೂ ಕ್ರೋಮನ್ನೂ ಜತೆಗೆ ಹೊರಬೇಕಿತ್ತು, ಆಂಡ್ರಾಯ್ಡಿನ ಬೇರೆ ಕವಲುಗಳುಳ್ಳ ಫೋನನ್ನು ತಯಾರಿಸುವಂತಿರಲಿಲ್ಲ. 2012ರ ಸೆಪ್ಟೆಂಬರಿನಲ್ಲಿ ಏಸರ್ ಕಂಪನಿ ಅಲಿಬಾಬಾದ ಅಲಿಯೂನ್ ವ್ಯವಸ್ಥೆಯ ಫೋನೊಂದನ್ನು ಬಿಡುಗಡೆ ಮಾಡಹೊರಟು ಕೊನೆಯ ಗಳಿಗೆಯಲ್ಲಿ ಹಿಂಜರಿದದ್ದು ಈ ಕರಾರಿನ ಬಲವನ್ನು ಲೋಕಕ್ಕೆ ತೋರಿಸಿತು. 2018ರ ಜುಲೈಯಲ್ಲಿ ಯುರೋಪಿಯನ್ ಕಮಿಷನ್ ಇಂಥ ಕರಾರುಗಳಿಗಾಗಿ ಗೂಗಲಿಗೆ 434 ಕೋಟಿ ಯೂರೋ ದಂಡ ವಿಧಿಸಿತು, ನ್ಯಾಯಾಲಯ ಅದನ್ನು ತುಸು ಇಳಿಸಿತು. ನಮ್ಮ ದೇಶದ ಸ್ಪರ್ಧಾ ಆಯೋಗವೂ 2022ರ ಅಕ್ಟೋಬರ್ 20ರಂದು ₹1,337.76 ಕೋಟಿ ದಂಡ ಹಾಕಿತು. ಮರುವರ್ಷ ಮೇಲ್ಮನವಿಯ ನ್ಯಾಯಮಂಡಲಿ ದಂಡವನ್ನು ಎತ್ತಿಹಿಡಿದು, ಆಯೋಗದ ಕೆಲವು ನಿರ್ದೇಶನಗಳನ್ನು ಮಾತ್ರ ರದ್ದುಗೊಳಿಸಿತು.

ಇದಕ್ಕಿಂತ ಸ್ಪಷ್ಟವಾದ ನಿದರ್ಶನ 2019ರಲ್ಲಿ ಒದಗಿತು. ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಸರಕಾರ ಚೀನದ ಹುವಾವೇ ಕಂಪನಿಯೊಡನೆ ವ್ಯವಹಾರವನ್ನು ನಿರ್ಬಂಧಿಸಿದಾಗ, ಆಂಡ್ರಾಯ್ಡಿನ ಮುಕ್ತ ಮೂಲವನ್ನು ಹುವಾವೇಯಿಂದ ಯಾರೂ ಕಸಿದುಕೊಳ್ಳಲಿಲ್ಲ, ಕಸಿದುಕೊಳ್ಳುವಂತೆಯೂ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಬಂದ ಅದರ ಹೊಸ ಫೋನಿನಲ್ಲಿ ಆಂಡ್ರಾಯ್ಡ್ ಇತ್ತು. ಇಲ್ಲದ್ದು ಗೂಗಲಿನ ಅಂಗಡಿ ಮತ್ತು ಸೇವೆಗಳು. ಅವಿಲ್ಲದ ಫೋನು ಚೀನದ ಹೊರಗೆ ಗಿರಾಕಿಯಿಲ್ಲದೆ ಸೊರಗಿತು. ನಮ್ಮ ಬಯಲುಸೀಮೆಯಲ್ಲಿ ಕೆರೆಯನ್ನು ಊರೆಲ್ಲ ಸೇರಿ ಕಟ್ಟಿದರೂ, ಹೂಳೆತ್ತುವಾಗ ಊರೆಲ್ಲ ಕೈಜೋಡಿಸಿದರೂ, ಯಾರ ಗದ್ದೆಗೆ ಎಂದು ಎಷ್ಟು ನೀರೆಂಬುದು ತೂಬನ್ನು ಎತ್ತಿ ಇಳಿಸುವ ನೀರುಗಂಟಿಯ ಕೈಯಲ್ಲಿರುತ್ತದೆ. ಆ ನೀರುಗಂಟಿ ಊರಿನ ಆಳಾಗಿರುವವರೆಗೆ ವ್ಯವಸ್ಥೆ ನ್ಯಾಯವಾಗಿ ನಡೆಯುತ್ತದೆ. ಆಂಡ್ರಾಯ್ಡೆಂಬ ಕೆರೆಯ ತೂಬು ಊರಿಗೆ ಉತ್ತರ ಹೇಳಬೇಕಾಗಿಲ್ಲದವರ ಕೈಯಲ್ಲಿದೆಯೆಂಬುದು ಅಂದು ಎಲ್ಲರಿಗೂ ತಿಳಿಯಿತು.

ಕನ್ನಡಕ್ಕೆ ಈ ಚರಿತ್ರೆಯಲ್ಲಿ ದೊರೆತ ಪಾಲಿನ ಮಾತು ನನಗೆ ಬಹಳ ಹತ್ತಿರದ್ದು; ಆದ್ದರಿಂದ ತುಸು ನಿಧಾನಿಸುತ್ತೇನೆ. ಆಂಡ್ರಾಯ್ಡ್ ಬಂದ ಮೊದಲ ವರ್ಷಗಳಲ್ಲಿ ಅದರ ಪರದೆಯ ಮೇಲೆ ಕನ್ನಡವೆಂದರೆ ಖಾಲಿ ಚೌಕಗಳ ಸಾಲು. ಒಪೆರಾ ಮಿನಿ ಎಂಬ ಬ್ರೌಸರಿನ ಗುಪ್ತವಾದ ಪುಟವೊಂದಕ್ಕೆ ಹೋಗಿ, ಅಕ್ಷರಗಳನ್ನು ಚಿತ್ರವಾಗಿ ಕಳುಹಿಸೆಂದು ಅದರ ದೂರದ ಗಣಕಕ್ಕೆ ಆದೇಶಿಸಿ, ಆ ಚಿತ್ರಗಳಲ್ಲಿ ಕನ್ನಡ ಪತ್ರಿಕೆಯನ್ನು ಓದಿದವರು ಇಂದಿಗೂ ಹಲವರಿದ್ದಾರೆ. ಅಕ್ಷರಗಳ ಅಚ್ಚನ್ನು ಒದಗಿಸಿದರೆ ಮುಗಿಯುವ ಕೆಲಸ ಇದಾಗಿರಲಿಲ್ಲ. ಸೂರ್ಯ ಎಂದು ಬರೆಯುವಾಗ ನಾಲಗೆಯಲ್ಲಿ ಮೊದಲು ಹುಟ್ಟುವ ರಕಾರ ಬರಹದಲ್ಲಿ ಯಕಾರದ ಬಲಕ್ಕೆ ಅರ್ಕಾವೊತ್ತಾಗಿ ಸರಿಯಬೇಕು. ಅಮ್ಮ ಎಂಬಲ್ಲಿ ಎರಡನೆಯ ಮಕಾರ ಮೊದಲನೆಯದರ ಒತ್ತಾಗಿ ಇಳಿಯಬೇಕು. ಸಂಕೇತದ ಅನುಕ್ರಮವನ್ನು ಲಿಪಿಯ ಅನುಕ್ರಮಕ್ಕೆ ತಿರುಗಿಸುವ ತಂತ್ರಾಂಶವೊಂದು ವ್ಯವಸ್ಥೆಯ ಒಳಗೇ ಇರಬೇಕು. ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ ಈ ಕೆಲಸ ಮಾಡುತ್ತದೆ. ಸಾಹಸಿಗಳು ತಮ್ಮ ಫೋನಿನ ಬೀಗ ಮುರಿದು ಕನ್ನಡದ ಅಚ್ಚನ್ನು ಒಳಗೆ ಸೇರಿಸಿದಾಗಲೂ ಈ ಜೋಡಣೆಯಿಲ್ಲದೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಂತವು. 2012ರಲ್ಲಿ ಹೊರಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಗಳಿಗೆ ವ್ಯವಸ್ಥೆಯ ಮಟ್ಟದಲ್ಲಿಯೇ ಆಸರೆ ದೊರೆಯಿತು. ಮೂಲ ತೆರೆದಿದ್ದೂ ಸುಮಾರು ನಾಲ್ಕು ವರ್ಷ ಕಾಯಬೇಕಾಯಿತೆಂಬುದನ್ನು ಮುಕ್ತ ತಂತ್ರಾಂಶದ ಅಭಿಮಾನಿಗಳು ಮರೆಯಬಾರದು.

ಆದರೆ ಬರೆಯುವ ವಿಷಯದಲ್ಲಿ ಕಥೆ ಬೇರೆ. 2009ರ ಏಪ್ರಿಲಿನಲ್ಲಿ ಬಂದ ಆಂಡ್ರಾಯ್ಡ್ 1.5ರಿಂದಲೇ ಹೊರಗಿನವರು ಕೀಲಿಮಣೆಗಳನ್ನು ಬರೆದು ಸೇರಿಸಲು ಅವಕಾಶವಿತ್ತು. ಪರದೆಯಲ್ಲಿ ಕನ್ನಡ ಮೂಡತೊಡಗಿದೊಡನೆ, ಯಾರ ಅಪ್ಪಣೆಗೂ ಕಾಯದೆ, ಕನ್ನಡಿಗ ತಂತ್ರಜ್ಞರು ತಮ್ಮ ಬಿಡುವಿನ ವೇಳೆಯಲ್ಲಿ ಕೀಲಿಮಣೆಗಳನ್ನು ರಚಿಸಿ ಉಚಿತವಾಗಿ ಹಂಚಿದರು. ಐಫೋನಿನಲ್ಲಿ ಹೊರಗಿನವರ ಕೀಲಿಮಣೆಗೆ ಪ್ರವೇಶ ಸಿಕ್ಕಿದ್ದು 2014ರಲ್ಲಿ, ಎಂಟನೆಯ ಆವೃತ್ತಿಯಲ್ಲಿ. ಆಪಲ್ ತಾನೇ ಕನ್ನಡದ ಕೀಲಿಮಣೆಯನ್ನು ಕೊಟ್ಟದ್ದು 2017ರಲ್ಲಿ. ಈ ಐದಾರು ವರ್ಷಗಳ ಅಂತರದಲ್ಲಿ ಕನ್ನಡಕ್ಕೆ ನೆರವಾದದ್ದು ಮೂಲಸಂಕೇತದ ಮುಕ್ತತೆಯಲ್ಲ, ಹೊರಗಿನವನು ಒಳಕ್ಕೆ ಬಂದು ತನ್ನ ಭಾಷೆಯ ಕೆಲಸವನ್ನು ತಾನೇ ಮಾಡಿಕೊಳ್ಳಬಹುದಾದ ಬಾಗಿಲಿನ ಮುಕ್ತತೆ. ಲಾಭದ ಲೆಕ್ಕದಲ್ಲಿ ದೊಡ್ಡ ಕಂಪನಿಯ ಕಣ್ಣಿಗೆ ಚಿಕ್ಕದಾಗಿ ತೋರುವ ಯಾವ ಭಾಷೆಯ ಪಾಲಿಗೂ ಈ ಬಾಗಿಲು ಪ್ರಾಣಕ್ಕೆ ಸಮಾನ. ಇದನ್ನು ನಾನು ಅಲಂಕಾರಕ್ಕಾಗಿ ಹೇಳುತ್ತಿಲ್ಲ.

ಹೆಚ್ಚು ಶುದ್ಧವಾದ ಮುಕ್ತತೆಯನ್ನು ಸಾಧಿಸಹೊರಟವರೂ ಇದ್ದರು. ತೈವಾನಿನಿಂದ ಬಂದ ಓಪನ್‌ಮೋಕೋ, ನೋಕಿಯಾದ ಮೇಮೋ ಮತ್ತು ಮೀಗೋ, ಉಬುಂಟುವಿನ ಫೋನು, ಇವೆಲ್ಲ ಹುಟ್ಟಿ, ಆ್ಯಪ್‌ಗಳಿಲ್ಲದುದರಿಂದ ಜನವಿಲ್ಲದೆ, ಜನವಿಲ್ಲದುದರಿಂದ ಆ್ಯಪ್‌ಗಳಿಲ್ಲದೆ ಬತ್ತಿದವು. ಮೊಜಿಲ್ಲಾದ ಫೈರ್‌ಫಾಕ್ಸ್ ಓಎಸ್ ಮಾತ್ರ ಒಂದು ವಿಚಿತ್ರವಾದ ಪುನರ್ಜನ್ಮ ಪಡೆಯಿತು: 2013ರಲ್ಲಿ ಮಾರುಕಟ್ಟೆಗೆ ಬಂದು ಮೂರೇ ವರ್ಷಗಳಲ್ಲಿ ಕೈಬಿಡಲ್ಪಟ್ಟ ಅದರ ಮೂಲವನ್ನೇ ಹಿಡಿದು ಹುಟ್ಟಿದ ಕೈಓಎಸ್, 2017ರಲ್ಲಿ ₹1,500 ಠೇವಣಿಯ ಜಿಯೋಫೋನಿನಲ್ಲಿ ಕುಳಿತು ಭಾರತದ ಕೋಟ್ಯಂತರ ಬಡವರ ಜೇಬನ್ನು ಸೇರಿತು. ಆದರೆ ಅದರಲ್ಲಿ ಏನಿರಬೇಕೆಂಬುದನ್ನು ನಿರ್ಧರಿಸಿದ್ದು ಮತ್ತೆ ಸಂಪರ್ಕಸೇವೆಯ ಕಂಪನಿಯೇ. ಸಿಮ್ಮೂ ಅದರದೇ ಆಗಿರಬೇಕಿತ್ತು. ಹೀಗೆ ಮುಕ್ತ ಜಾಲದ ಆದರ್ಶದಿಂದ ಹೊರಟ ತಂತ್ರಾಂಶವೊಂದು ಕಾರ್ಟರ್‌ಫೋನಿಗೆ ಹಿಂದಿನ ಕಾಲದ ಕಟ್ಟಿಗೆ ಸಿಲುಕಿತು.

2024ರಿಂದೀಚೆಗೆ ಎರಡೂ ಪಕ್ಷಗಳು ಎದುರುಬದುರಾಗಿ ಚಲಿಸತೊಡಗಿವೆ. ಯುರೋಪಿಯನ್ ಒಕ್ಕೂಟದ ಡಿಜಿಟಲ್ ಮಾರುಕಟ್ಟೆಗಳ ಕಾಯಿದೆಗೆ ತಲೆಬಾಗಿ 2024ರ ಮಾರ್ಚಿನಲ್ಲಿ ಆಪಲ್, ಆ ದೇಶಗಳ ಮಟ್ಟಿಗೆ, ತನ್ನ ಫೋನಿನಲ್ಲಿ ಪರರ ಅಂಗಡಿಗಳಿಗೆ ಎಡೆಕೊಟ್ಟಿತು; ಹೊರಗಿನವರ ಕೈ ತಗುಲಿದರೆ ಬಳಕೆದಾರನ ರಕ್ಷಣೆ ಕೆಡುತ್ತದೆಂಬ ಎಚ್ಚರಿಕೆಯನ್ನು ಜತೆಯಲ್ಲಿಯೇ ಘೋಷಿಸಿತು. ಗೂಗಲ್ 2025ರ ಮಾರ್ಚಿನಲ್ಲಿ ಆಂಡ್ರಾಯ್ಡಿನ ಬೆಳವಣಿಗೆಯ ಕೆಲಸವನ್ನೆಲ್ಲ ತನ್ನ ಒಳಮನೆಗೆ ಸರಿಸಿ, ಆವೃತ್ತಿ ಸಿದ್ಧವಾದ ಬಳಿಕವಷ್ಟೇ ಮೂಲಸಂಕೇತ ಪ್ರಕಟಿಸುವುದಾಗಿ ತಿಳಿಸಿತು. ಅದೇ ವರ್ಷದ ಆಗಸ್ಟಿನಲ್ಲಿ, ತನ್ನ ಅಂಗಡಿಯ ಹೊರಗಿನಿಂದ ಹಾಕಿಕೊಳ್ಳುವ ಆ್ಯಪ್‌ಗಳ ಕರ್ತೃಗಳೂ ತನ್ನಲ್ಲಿ ಗುರುತು ನೋಂದಾಯಿಸಿರಬೇಕು, ಇಲ್ಲವಾದರೆ ಅಧಿಕೃತ ಆಂಡ್ರಾಯ್ಡ್ ಫೋನುಗಳು ಅವನ್ನು ಒಪ್ಪುವುದಿಲ್ಲ ಎಂದು ಸಾರಿತು. 2026ರಲ್ಲಿ ಬ್ರೆಜಿಲ್, ಇಂಡೊನೇಷ್ಯ, ಸಿಂಗಪುರ, ಥಾಯ್ಲೆಂಡ್ ದೇಶಗಳಲ್ಲಿ ಆರಂಭಿಸಿ ಉಳಿದೆಡೆಗೆ ವಿಸ್ತರಿಸುವುದೆಂಬ ಸಂಕಲ್ಪ ಅದರದಾಗಿತ್ತು. ವಂಚಕರ ಹಾವಳಿಯಿಂದ ಜನರನ್ನು ಕಾಪಾಡುವುದೇ ಅದಕ್ಕೆ ಕೊಟ್ಟ ಕಾರಣ, ಮತ್ತು ನಮ್ಮಲ್ಲಿ ಫೋನಿನ ವಂಚನೆಗೆ ಉಳಿತಾಯ ಕಳೆದುಕೊಂಡವರ ಸಂಖ್ಯೆಯನ್ನು ಬಲ್ಲವನು ಆ ಕಾರಣವನ್ನು ಹಗುರವಾಗಿ ತಳ್ಳಿಹಾಕಲಾರನು. ಮುಕ್ತ ತಂತ್ರಾಂಶದ ಆ್ಯಪ್‌ಗಳನ್ನು 2010ರಿಂದ ಹಂಚುತ್ತ ಬಂದಿರುವ ಎಫ್-ಡ್ರಾಯ್ಡ್ ಬಳಗದವರಾದರೋ, ಈ ನಿಯಮ ಬಂದರೆ ತಮ್ಮ ಭಂಡಾರ ಬಾಳಲಾರದೆಂದು ಬಹಿರಂಗವಾಗಿ ವಿರೋಧಿಸಿದರು. ಸ್ಮಾರ್ಟ್‌ಫೋನುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಆಂಡ್ರಾಯ್ಡೇ ಆಗಿರುವ ಭಾರತದಲ್ಲಿ, ಕಾರ್ಟರ್‌ಫೋನಿನ ಪೀಠ ಕೇಳಿದ ಪ್ರಶ್ನೆಯನ್ನು, ಅಂದರೆ ಹಾನಿಯಾಗುತ್ತದೆಂದು ಹೇಳುವವನು ಯಾವ ಹಾನಿ, ಎಷ್ಟು ಹಾನಿ, ಅದನ್ನು ತಡೆಯಲು ಬೇರೆ ಮಾರ್ಗವಿಲ್ಲವೆ ಎಂಬುದನ್ನು ಸಿದ್ಧಪಡಿಸಿ ತೋರಿಸಬೇಕೆಂಬ ಪ್ರಶ್ನೆಯನ್ನು, ನಮ್ಮ ಸ್ಪರ್ಧಾ ಆಯೋಗವೂ ನಮ್ಮ ನ್ಯಾಯಾಲಯಗಳೂ ಈ ನಿಯಮ ಇಲ್ಲಿಗೆ ಬರುವ ಮುನ್ನ ಕೇಳಬೇಕು.